ಅಂಟಣ್ಣ

ಕಟ್ಟಡದ ಕೆಲಸಕ್ಕೆ ಬೇಕಾದ ಟೇಪು, ಪ್ಲಾಸ್ಟಿಕ್ ಹಾಳೆ ಮಾರುವ ನಮ್ಮ ಬೀದಿಯ ಅಂಗಡಿ ಯಜಮಾನರನ್ನು ಎಲ್ಲರೂ ಕರೆಯುವುದು ಅಂಟಣ್ಣ ಎಂದೇ. ಎರಡಿಂಚಿನ ಟೇಪು ಕೊಡಿ ಎಂದರೆ ಸಾಕು, "ಎರಡಿಂಚು ಅಂದ್ರೆ ಐವತ್ತು ಮಿಲಿಮೀಟರ್, ಮೇಲೆ ಚೂರು. ಅದಿರ್ಲಿ, ಅಂಟಿಸೋದು ಎಲ್ಲಿಗೆ? ಗಾಜಿಗೋ, ಗೋಡೆಗೋ? ಧೂಳು ಒರೆಸಿದ್ದೀರಾ?" ಎಂದು ವಿಚಾರಣೆ ಶುರುಮಾಡುತ್ತಾರೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸಲಾರರು. ಗೋಡೆ ಒದ್ದೆಯಿದೆ ಎಂದು ಬಾಯಿಬಿಟ್ಟರೋ, "ಒಣಗಿದ ಮೇಲೆ ಬನ್ನಿ, ಈಗ ಕೊಟ್ರೆ ನನ್ನ ಹೆಸರು ಕೆಡುತ್ತೆ" ಎಂದು ಬರಿಗೈಯಲ್ಲಿ ಕಳಿಸಿಬಿಡುತ್ತಾರೆ. ಬಣ್ಣ ಬಳಿಯುವ ಮೇಸ್ತ್ರಿಗಳು ಬೈದುಕೊಂಡೇ ಹೋಗಿ, ಮತ್ತೆ ಅಲ್ಲಿಗೇ ಬರುತ್ತಾರೆ. ಒಂದು ಸಂಜೆ ಅಂಗಡಿ ಮುಚ್ಚಿದ್ದರಿಂದ ಟೇಪು ಕೇಳಲು ನಾನು ಅದರ ಹಿಂದಿದ್ದ ಅವರ ಮನೆಯ ಬಾಗಿಲಿಗೇ ಹೋದೆ. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಹೆಂಡತಿಯ ಪಕ್ಕದಲ್ಲಿ ಅವರು ಕುಳಿತಿದ್ದರು. ಆಕೆಯ ಕೈಯಲ್ಲಿ ಗ್ಲೂಕೋಸಿನ ಸೂಜಿ ತೆಗೆದ ಜಾಗಕ್ಕೆ ನರ್ಸು ಹಾಕಿದ್ದ ಪ್ಲಾಸ್ಟರನ್ನು ಬಿಡಿಸಬೇಕಿತ್ತು. ಸೊರಗಿದ ಚರ್ಮ ಅದರ ಜೊತೆಗೇ ಏಳುತ್ತಿತ್ತು. ಅವರು ಅಂಚಿಗೆ ಎಣ್ಣೆ ಸವರಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಬಿಡಿಸಿ, "ನೋವಾಯ್ತೇನೇ?" ಎಂದರು. "ಇಲ್ಲಾರೀ, ಒಂದೇ ಸಲ ಎಳೆದುಬಿಡಿ" ಎಂದರು ಆಕೆ. ಅವರು ಎಳೆಯಲಿಲ್ಲ, ಮತ್ತೆ ಎಣ್ಣೆ ಸವರಿದರು. ಬಾಗಿಲಲ್ಲಿದ್ದ ನನ್ನನ್ನು ನೋಡಿಯೂ ನೋಡಲಿಲ್ಲ. ಕೊನೆಗೆ ಪ್ಲಾಸ್ಟರು ಬಿಟ್ಟು ಬಂತು. ಅವರು ಆ ಕೈ ಬಿಡಲಿಲ್ಲ.