ಬೀಗದ ಮನೆಯ ಮುಂದೆ ಸಂಘದ ವಕೀಲೆ

ಮಲ್ಲೇಶ್ವರದ ಹದಿನೇಳನೇ ಕ್ರಾಸಿನ ಹತ್ತಿರದ ಹಳೆಯ ಅಪಾರ್ಟ್‌ಮೆಂಟಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಬೀಗ ಹಾಕಿದ ಬಾಗಿಲೊಂದರ ಮುಂದೆ ವಕೀಲೆ ತ್ರಿಪುರಸುಂದರಿ ನಿಂತಿದ್ದಾರೆ. ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ವರದರಾಜ ಎಂಬ ಹೆಸರಿದೆ. ಆ ವರದರಾಜರು ತೀರಿಕೊಂಡು ವರ್ಷವಾಗುತ್ತಾ ಬಂತು. ಆದರೂ ಬಾಗಿಲ ಸಂದಿಯಿಂದ ಸಾಂಬ್ರಾಣಿಯ ವಾಸನೆ ಬರುತ್ತಿದೆ. ಅದರ ಹಿಂದೆಯೇ ಒಳಗೆಲ್ಲೋ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಗುತ್ತದೆ.

ತ್ರಿಪುರಸುಂದರಿ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಯುತ್ತಾರೆ. ಕೆಳಗೆ ವೆಲ್ಡಿಂಗ್‌ನವರು ಆಟೋದಿಂದ ಕಬ್ಬಿಣದ ತಗಡು ಇಳಿಸುವ ಸದ್ದು ಕೇಳುತ್ತಿದೆ.

ತಗಡು ತರಿಸಿದವರು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ವಸಂತ್. ಸೈಟು, ಮನೆ ಕೊಡಿಸುವ ವ್ಯವಹಾರ ಅವರದು. ಬೀಗದ ಮನೆಯೊಳಗೆ ಅಡುಗೆಯಾಗುತ್ತದೆ, ಯಾರೋ ಓಡಾಡುತ್ತಾರೆ ಎಂದು ಕೆಳಗಿನ ಮನೆಯವರು ಹೇಳತೊಡಗಿ ತಿಂಗಳುಗಳಾಗಿವೆ. ಮಕ್ಕಳು ಮೆಟ್ಟಿಲು ಹತ್ತಲು ಹೆದರುತ್ತಾರೆ. ಎರಡನೇ ಮಹಡಿಯ ಒಂದು ಕುಟುಂಬ ಮನೆ ಬಿಟ್ಟೇ ಹೋಯಿತು. ಕೊನೆಗೆ ವಾಟ್ಸಾಪ್ ಗುಂಪಿನಲ್ಲೇ ತೀರ್ಮಾನವಾಯಿತು: ಮುಂಬಾಗಿಲಿಗೂ ಅಡುಗೆಮನೆಯ ಹಿಂಬಾಗಿಲಿಗೂ ತಗಡು ಹೊಡೆದು ವೆಲ್ಡ್ ಮಾಡಿಬಿಡುವುದು. ವಕೀಲರಿಗೂ ಒಂದು ಮಾತು ತಿಳಿಸಿರೋಣವೆಂದು ವಸಂತ್ ಹಿಂದಿನ ದಿನ ಫೋನ್ ಮಾಡಿದ್ದರು. ತಾವು ಬರುವವರೆಗೆ ಬಾಗಿಲು ಮುಟ್ಟಬೇಡಿ ಎಂದ ತ್ರಿಪುರಸುಂದರಿ, ಬೆಳಗಾಗುವ ಮೊದಲೇ ಚಾಮರಾಜಪೇಟೆಯಿಂದ ಸ್ಕೂಟರ್‌ನಲ್ಲಿ ಬಂದಿದ್ದಾರೆ.

ಹಿಂದೆಯೇ ಮೆಟ್ಟಿಲು ಹತ್ತಿ ಬಂದ ವಸಂತ್‌ಗೆ ಅಸಮಾಧಾನ.

"ನೀವು ನಮ್ಮ ಲಾಯರ್ ತಾನೆ ಮೇಡಂ? ನಮ್ಮನ್ನೇ ತಡೀತೀರಲ್ಲ."

"ನಾನು ನಿಮ್ಮ ಲಾಯರ್ ಅಲ್ಲ ವಸಂತ್ ಅವರೇ, ಸಂಘದ ಲಾಯರ್. ಈ ಮನೆನೂ ಸಂಘದೊಳಗೇ ಇದೆ. ಮಾಲೀಕರು ಹೋಗ್ಬಿಟ್ರು ಅಂತ ಮನೆ ಹಕ್ಕು ಹೋಗಲ್ಲ, ವಾರಸುದಾರರಿಗೆ ಬರುತ್ತೆ."

ಈ ಮಾತನ್ನು ಅವರು ಊರಿನ ಅದೆಷ್ಟು ಸಂಘಗಳಿಗೆ ಹೇಳಿದ್ದಾರೋ. ತಂದೆಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿಯಿತ್ತು. ಹಗಲು ಅಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು ತ್ರಿಪುರಸುಂದರಿ. ಕೊಲೆ ಕೇಸು, ದೊಡ್ಡ ಆಸ್ತಿ ವ್ಯಾಜ್ಯ ಯಾವುದೂ ಅವರ ಕಡೆ ಸುಳಿಯುವುದಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಅವರ ಹೆಸರು 'ಮೀಟಿಂಗ್ ಲಾಯರ್'. ಭಾನುವಾರ ಎಲ್ಲರಿಗೂ ರಜೆ, ಇವರಿಗೆ ಮಾತ್ರ ಕೆಲಸ. ಬಸವನಗುಡಿಯಲ್ಲೋ ತ್ಯಾಗರಾಜನಗರದಲ್ಲೋ ಯಾವುದಾದರೊಂದು ಬೇಸ್‌ಮೆಂಟಿನಲ್ಲಿ, ನಿಂತ ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಪಾರ್ಕಿಂಗ್ ಜಗಳ, ನಾಯಿಯ ಜಗಳ, ಟೆರೇಸಿನ ಬೀಗದ ಕೀ ಯಾರ ಬಳಿ ಇರಬೇಕೆಂಬ ಜಗಳ. ಸಂಘದ ಬೈಲಾ ನಿಯಮಗಳಲ್ಲಿ ಇಲ್ಲದ ಅಧಿಕಾರ ಸಮಿತಿಗೂ ಇಲ್ಲ, ಸರ್ವಸದಸ್ಯರ ಸಭೆ ಕರೆಯದೆ ದೊಡ್ಡ ನಿರ್ಧಾರ ಮಾಡುವಂತಿಲ್ಲ ಎಂದು ಸಹನೆಯಿಂದ ವಿವರಿಸುತ್ತಾರೆ. ಕೇಳಿದವರಿಗೆ ಇಷ್ಟವಾಗುವುದು ಕಡಿಮೆ. ಬಾಡಿಗೆದಾರರೊಬ್ಬರ ಮನೆಯ ನೀರು ನಿಲ್ಲಿಸಲು ಬಿಡಲಿಲ್ಲವೆಂದು ಬಸವನಗುಡಿಯ ಸಂಘವೊಂದು ಇವರ ಕೈಯಿಂದ ಫೈಲನ್ನೇ ಕಿತ್ತುಕೊಂಡಿತ್ತು.

"ಅಧ್ಯಕ್ಷರು ಬರ್ತಾರೆ, ಹೋಗ್ತಾರೆ. ಯಾರು ಜೋರಾಗಿ ಮಾತಾಡ್ತಾರೋ ಅವರ ಪರ ನಿಂತ್ಕೊಂಡ್ರೆ ನಾನು ವಕೀಲೆ ಅಲ್ಲ, ಬಾಡಿಗೆ ಬಾಯಿ ಅಷ್ಟೆ," ಎನ್ನುತ್ತಾರೆ.

ಆ ಬೆಳಿಗ್ಗೆಯೂ ಅವರದು ಅದೇ ಹಟ. ಮೊದಲು ನೋಟಿಸ್, ಆಮೇಲೆ ಉಳಿದದ್ದು. ವರದರಾಜರ ವಾರಸುದಾರರು ಯಾರೇ ಇದ್ದರೂ ಸಂಘವನ್ನು ಕಾಣಬೇಕೆಂದು ಬರೆದ ಹಾಳೆಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಇನ್ನೊಂದು ಪ್ರತಿಯನ್ನು ನೆಲದ ಮೇಲೆ ಕೂತು ಬಾಗಿಲಡಿಯ ಸಂದಿಗೆ ತೂರಿಸುತ್ತಾರೆ. ಹಾಳೆ ಅರ್ಧ ಹೋಗಿ ನಿಲ್ಲುತ್ತದೆ. ಅವರು ಕೈ ತೆಗೆಯುತ್ತಾರೆ.

ಉಳಿದರ್ಧ ತಾನಾಗಿ, ನಿಧಾನವಾಗಿ ಒಳಗೆ ಸರಿದುಹೋಗುತ್ತದೆ.

ವಸಂತ್ ಗೋಡೆ ಹಿಡಿದುಕೊಂಡು ಎರಡು ಮೆಟ್ಟಿಲು ಕೆಳಗಿಳಿಯುತ್ತಾರೆ. ತ್ರಿಪುರಸುಂದರಿಗೂ ಓಡಬೇಕೆನಿಸುತ್ತದೆ, ಆದರೂ ಏಳುವುದಿಲ್ಲ. ಕೂತಲ್ಲಿಂದಲೇ, ತಾನು ಸಂಘದ ವಕೀಲೆ, ಇವತ್ತು ಯಾರೂ ಬಾಗಿಲು ಮುಟ್ಟುವುದಿಲ್ಲ, ಒಳಗಿರುವುದು ಯಾರು ಎಂದು ಕೇಳುತ್ತಾರೆ. ಒಳಗೆ ಹಾಳೆ ಮಡಚುವ ಸಪ್ಪಳ. ಆಮೇಲೆ ನೆಲದ ಹತ್ತಿರದಿಂದಲೇ ಒಂದು ಒಣ ದನಿ:

"ಅಣ್ಣ ಮನೇಲಿಲ್ಲ."

ಆ ದನಿ ವಿಶಾಲಮ್ಮನದು, ವರದರಾಜರ ತಂಗಿಯದು. ಅಣ್ಣನಿಗೂ ಮದುವೆಯಿಲ್ಲ, ತಂಗಿಗೂ ಇಲ್ಲ. ಅಣ್ಣ ಬದುಕಿದ್ದಾಗಲೂ ವಿಶಾಲಮ್ಮ ಹೊಸ್ತಿಲು ದಾಟಿದವರಲ್ಲ. ಅಣ್ಣ ಸತ್ತ ಮೇಲೆ ನೆಂಟನೊಬ್ಬ, ಮನೆ ನಿನ್ನ ಹೆಸರಲ್ಲಿಲ್ಲ, ಕಂಡರೆ ಸಂಘದವರು ಹೊರಗೆ ಹಾಕುತ್ತಾರೆ ಎಂದು ಹೆದರಿಸಿ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ. ಆಕೆ ಊರಿಗೆ ಹೋದಳೆಂದು ಉಳಿದವರಿಗೆ ಹೇಳಿದ, ಎಲ್ಲರೂ ನಂಬಿದರು. ಅಂದಿನಿಂದ ವಿಶಾಲಮ್ಮ ದೀಪ ಹಾಕದೆ, ಕಿಟಕಿ ತೆರೆಯದೆ, ಜನ ಏಳುವ ಮೊದಲು ಹಿಂಬದಿಯ ಮೆಟ್ಟಿಲಿಳಿದು ಹಾಲು, ತರಕಾರಿ ತರುತ್ತಾ ಬದುಕಿದ್ದಾರೆ.

ಅವರೇ ಹಿಂಬಾಗಿಲು ತೆರೆದು ಇಷ್ಟನ್ನೂ ಹೇಳುವಾಗ ವಸಂತ್ ತಲೆ ತಗ್ಗಿಸಿಕೊಂಡು ನಿಂತಿರುತ್ತಾರೆ. ಕೊನೆಗೆ ಕೆಳಗೆ ಹೋಗಿ ತಗಡನ್ನು ಆಟೋಗೆ ತುಂಬಿಸಿ ಕಳಿಸುತ್ತಾರೆ. ಕುಕ್ಕರಿನ ಕೂಗಿನ ಬಗ್ಗೆ ಕೇಳಿದಾಗ ಮಾತ್ರ ವಿಶಾಲಮ್ಮ ಅರ್ಥವಾಗದೆ ತ್ರಿಪುರಸುಂದರಿಯ ಮುಖ ನೋಡುತ್ತಾರೆ. ಆ ಮನೆಯಲ್ಲಿ ಕುಕ್ಕರೇ ಇಲ್ಲ. ಸಣ್ಣ ಸ್ಟೌವಿನ ಮೇಲೊಂದು ಪಾತ್ರೆ, ಅಷ್ಟೆ. ಆ ಕೂಗು ಎಲ್ಲಿಂದ ಬಂತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮನೆ ಈಗ ತನ್ನದಾಗುತ್ತದೆಯೇ ಎಂದು ವಿಶಾಲಮ್ಮ ಕೇಳಿದರು. ತ್ರಿಪುರಸುಂದರಿ ಬಾಯಿಗೆ ಬಂದ ಮಾತನ್ನು ತಡೆದುಕೊಂಡರು. "ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ನಾನು ಸಂಘದ ಕಡೆಯವಳು. ನಿಮಗೆ ನಿಮ್ಮದೇ ವಕೀಲರು ಬೇಕು," ಎಂದು ತಿಳಿಸಿ, ಪರಿಚಯದ ವಕೀಲೆ ಮಹಾನಂದ ಅವರ ಫೋನ್ ನಂಬರ್ ಕೊಟ್ಟರು. ಹೊರಗಿನ ಬೀಗ ಅಂದೇ ತೆಗೆಸಿದರು. ವಾರಸುದಾರಿಕೆಯ ವಿಚಾರ ಈಗ ಕೋರ್ಟಿನಲ್ಲಿದೆ. ವಿಶಾಲಮ್ಮ ಸಂಜೆ ಹೊತ್ತು ಕಟ್ಟಡದ ಅಂಗಳದ ಬೆಂಚಿನ ಮೇಲೆ ಕೂರುತ್ತಾರೆ, ಮಕ್ಕಳು ಇನ್ನೂ ಸ್ವಲ್ಪ ದೂರದಲ್ಲೇ ಆಡುತ್ತಾರೆ.

ಆಮೇಲಿನಿಂದ ತ್ರಿಪುರಸುಂದರಿಗೆ ಒಂದು ಹೊಸ ಅಭ್ಯಾಸ. ಯಾವ ಕಟ್ಟಡಕ್ಕೆ ಹೋದರೂ ಮೀಟಿಂಗಿಗೆ ಮೊದಲು, ಇಲ್ಲಿ ಮುಚ್ಚಿದ ಮನೆ ಯಾವುದು ಎಂದು ವಾಚ್‌ಮನ್ ಬಳಿ ಕೇಳುತ್ತಾರೆ. ಒಬ್ಬರೇ ಹತ್ತಿ ಹೋಗಿ, ಬಾಗಿಲು ತಟ್ಟಿ, ಕಿವಿಗೊಟ್ಟು ನಿಲ್ಲುತ್ತಾರೆ.

"ಭಯ ಆಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಒಳಗಿಂದ ಯಾರೂ ಓಗೊಡದೆ ಇರ್ಲಪ್ಪ ಅಂತ ಶಿವನನ್ನ ನೆನೆಸ್ಕೊಂಡೇ ತಟ್ತೀನಿ," ಎನ್ನುತ್ತಾರೆ. "ಆದ್ರೂ ತಟ್ಟಿದ ಮೇಲೆ ಬೇಗ ಹೋಗ್ಬಿಡಲ್ಲ."