ಮುನ್ನೂರ ಹದಿಮೂರನೆಯ ಕಲ್ಲು

ಆ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಒಂದೇ ಕುರ್ಚಿ ಸವೆಸಿದವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಂಬರಕ್ಕ ಎಂದು. ಒಗೆಯಲು ಬಂದ ಪ್ರತಿ ಬಟ್ಟೆಯ ಕಾಲರಿನ ಒಳಮಗ್ಗುಲಿಗೆ ಉಗುರಗಲದ ಬಿಳಿ ಪಟ್ಟಿ ಹೊಲಿದು, ಅದರ ಮೇಲೆ ಅಳಿಸದ ಶಾಯಿಯಲ್ಲಿ ನಂಬರು ಬರೆಯುವುದು ಅವಳ ಕೆಲಸ. ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಅಂಗಡಿಗೆಂದು ಬೇರೆ ಫೋನು ಇಡಲು ಮಾಲೀಕನಿಗೆ ಕೈ ಬಾರದೆ, ಹೊರಗಿನ ಬೋರ್ಡಿನ ಮೇಲೆ ಅವಳದೇ ಮೊಬೈಲ್ ನಂಬರು ಬರೆಸಿಬಿಟ್ಟಿದ್ದ. ದಿನಕ್ಕೆ ಹತ್ತಾರು ಜನ ಫೋನ್ ಮಾಡುವರು: "ಅಕ್ಕಾ, ರಸೀದಿ ಎಲ್ಲೋ ಕಳೆದುಹೋಯ್ತು, ನನ್ನ ಕೋಟಿನ ನಂಬರ್ ಒಂಚೂರು ಹೇಳ್ತೀರಾ?" ಅವಳು ನಿಧಾನವಾಗಿ, ಬಿಡಿಬಿಡಿಯಾಗಿ, ಎರಡು ಸಲ ಓದಿ ಹೇಳುವಳು. ಯಾರು, ಏನು ಎಂದು ಕೇಳುವ ಅಭ್ಯಾಸವಿರಲಿಲ್ಲ. ಕೇಳಿದರೆ ಗಿರಾಕಿಗೆ ಬೇಜಾರಾಗುತ್ತದೆ ಎಂದು ಮಾಲೀಕ ಮೊದಲ ದಿನವೇ ಹೇಳಿಕೊಟ್ಟಿದ್ದ.

ಅವಳಿಗೆ ಇದ್ದವನು ಒಬ್ಬ ತಮ್ಮ. ತಾಯಿ ಹೋದಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನಾರು. ತಲೆ ಬಾಚಿ, ಬೈದು, ಓದಿಸಿ ದೊಡ್ಡವನನ್ನಾಗಿ ಮಾಡಿದಳು. ನಲವತ್ತು ತುಂಬುವ ಹೊತ್ತಿಗೆ ಅವನ ಕಿಡ್ನಿಗಳೆರಡೂ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್, ದಿನಕ್ಕೆ ನಾಲ್ಕು ಗಂಟೆ. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಫೋನು. ಆ ಫೋನಿನೊಳಗೆ ಒಂದು ಆಟ, ಆಟದೊಳಗೆ ಒಂದು ದ್ವೀಪ, ದ್ವೀಪದ ಮೇಲೆ ಅವನು ಕಟ್ಟಿದ ಮನೆ. ಆಟದಲ್ಲಿ ಅವನ ಪರವಾಗಿ ಓಡಾಡುವ ಗೊಂಬೆಗೆ ಅವನಿಟ್ಟ ಹೆಸರು ಗೂಬೆ.

"ಅದ್ಯಾಕೋ ಅಂಥ ಹೆಸರು?" ಎಂದು ಅವಳು ಕೇಳಿದ್ದಳು.

"ಮನೇಲಿ ಏನೇ ಒಡೆದ್ರೂ ಗೂಬೆ ಕೂರಿಸ್ತಿದ್ದಿದ್ದು ನನ್ನ ತಲೆ ಮೇಲೆ ತಾನೇ? ಕೂತಿದ್ದು ಹಂಗೇ ಇರ್ಲಿ ಅಂತ."

ಅವಳಿಗೂ ಒಂದು ಖಾತೆ ತೆರೆದುಕೊಟ್ಟ. ಮಧ್ಯಾಹ್ನ ಒಂದು ಗಂಟೆಗೆ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಅವಳು ದ್ವೀಪಕ್ಕೆ ಹೋಗುವಳು. ಅವನೂ ಆಟದಲ್ಲಿದ್ದಾನೆ ಎನ್ನುವ ಗುರುತಾಗಿ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿರುತ್ತಿತ್ತು. "ಅಕ್ಕೋ, ಊಟ ಆಯ್ತಾ?" ಎಂದು ಬರೆಯುವನು. ಮನೆಯ ಬಾಗಿಲಿನಿಂದ ಕಡಲಿನವರೆಗೆ ಅವನೊಂದು ದಾರಿ ಹಾಸುತ್ತಿದ್ದ. ಒಂದು ಡಯಾಲಿಸಿಸ್‌ಗೆ ಒಂದು ಕಲ್ಲು, ಕಲ್ಲಿನ ಮೇಲೆ ಆ ದಿನದ ಒಂದು ಮಾತು. ಅದರ ಮೇಲೆ ನಿಂತರೆ ಮಾತು ಕಾಣಿಸುತ್ತಿತ್ತು. "ನರ್ಸಮ್ಮ ಇವತ್ತು ನಕ್ಕರು." "ಪಕ್ಕದ ಹಾಸಿಗೆ ಖಾಲಿ." "ಅಕ್ಕ ಕೊನೆಗೂ ಹೊಸ ಚಪ್ಪಲಿ ತಗೊಂಡಳು." ಎರಡು ವರ್ಷಕ್ಕೆ ಮುನ್ನೂರ ಹನ್ನೆರಡು ಕಲ್ಲು. ಕೊನೆಯದರ ಮೇಲೆ "ಕಡಲು ಇನ್ನು ನಾಲ್ಕೇ ಹೆಜ್ಜೆ" ಎಂದಿತ್ತು. ಅದಾಗಿ ಎರಡು ದಿನಕ್ಕೆ ಅವನು ಬೆಳಿಗ್ಗೆ ಏಳಲಿಲ್ಲ.

ಅವನ ಸಿಮ್ ನಿಂತುಹೋಗುವ ಮೊದಲು ಅವನ ಆಟದ ಖಾತೆಗೆ ತನ್ನ ನಂಬರು ಹಾಕಿಕೊಂಡಳು. ಅವನ ಹುಟ್ಟುಹಬ್ಬಕ್ಕೆ ದ್ವೀಪದ ಮನೆಗೊಂದು ಲಾಂದ್ರ ಕೊಡಿಸಲು ಹಿಂದೆ ಸೇರಿಸಿದ್ದ ಅವಳ ಬ್ಯಾಂಕ್ ಕಾರ್ಡು ಅದರಲ್ಲೇ ಉಳಿದಿತ್ತು. ಎಂಟು ತಿಂಗಳು ದಿನವೂ ಒಂದು ಗಂಟೆಗೆ ಅವಳು ಆ ದಾರಿಯ ಮೇಲೆ ನಡೆದಳು. ಹಸಿರು ಚುಕ್ಕೆ ಇಲ್ಲದ ಮನೆಯ ಮುಂದೆ ಒಂದು ಗಳಿಗೆ ನಿಂತು ಹಿಂದಿರುಗುವಳು.

ಒಂದು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಫೋನ್ ಬಂತು. ಗಂಡಸಿನ ದನಿ, ಬಹಳ ಮರ್ಯಾದೆಯದು. "ಅಕ್ಕಾ, ಈಗ ಮೆಸೇಜಲ್ಲಿ ಒಂದು ಆರಂಕಿ ನಂಬರ್ ಬಂದಿದೆ ನೋಡಿ. ಒಂಚೂರು ಓದ್ತೀರಾ?"

ಅವಳು ಓದಿದಳು. ನಿಧಾನವಾಗಿ, ಬಿಡಿಬಿಡಿಯಾಗಿ, ಎರಡು ಸಲ.

ಮಧ್ಯಾಹ್ನ ದ್ವೀಪಕ್ಕೆ ಹೋದಾಗ ಗೂಬೆಯ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು.

ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ತಮ್ಮನ ಗೊಂಬೆ ಬಾಗಿಲಲ್ಲಿ ನಿಂತಿತ್ತು. ಅವನು ಎಂದೂ ಹಾಕದ ಕಪ್ಪು ಅಂಗಿ, ಮುಖಕ್ಕೆ ಕಪ್ಪು ಮುಸುಕು. ಅವಳನ್ನು ಕಂಡು ಅದು ತಿರುಗಿತು, ಏನೂ ಬರೆಯದೆ ಒಳಗೆ ಹೋಯಿತು. ಅಷ್ಟರಲ್ಲಿ ಬ್ಯಾಂಕಿನ ಸಂದೇಶಗಳು ಒಂದರ ಹಿಂದೊಂದು ಬೀಳತೊಡಗಿದವು. ಆಟದ ನಾಣ್ಯಗಳನ್ನು ಕೊಂಡು ಯಾರು ಯಾರಿಗೋ ಕಳಿಸಲಾಗುತ್ತಿತ್ತು. ಸಂಜೆಗೆ ಆ ತಿಂಗಳ ಸಂಬಳ ಹೆಚ್ಚುಕಡಿಮೆ ಖಾಲಿ.

ಇಸ್ತ್ರಿ ಮಾಡುವ ಅಣ್ಣ ಅಷ್ಟು ವರ್ಷದಿಂದ ಅವಳ ಎದುರಿಗೇ ನಿಂತು ಕೆಲಸ ಮಾಡಿದವನು, ಮುಖ ನೋಡಿಯೇ ಏನೋ ಆಗಿದೆ ಎಂದು ಹಿಡಿದು, ಎಲ್ಲ ಕೇಳಿ ತಿಳಿದುಕೊಂಡ.

"ಯಾರೋ ಕೇಳಿದ್ರು, ನೀನು ಓದಿದೆ. ನಾಳೆ ಮನೆ ಬೀಗದ ಕೈ ಕೇಳ್ತಾರೆ, ಇಸ್ತ್ರಿ ಮಾಡಿ ಕೊಡು!"

"ಬೈಬೇಡಣ್ಣ, ಈಗೇನ್ ಮಾಡ್ಲಿ ಹೇಳು."

"ಬ್ಯಾಂಕಿಗೆ ಫೋನ್ ಹಚ್ಚು. ಕಾರ್ಡ್ ನಿಲ್ಲಿಸು. ಆಮೇಲೆ ಆ ಆಟದ ಕಂಪನಿಗೆ ಬರಿ, ಖಾತೆ ಕಿತ್ಕೋ."

ಬ್ಯಾಂಕಿನವಳು ಕಾರ್ಡು ನಿಲ್ಲಿಸಿದಳು. ಹಣ ವಾಪಸ್ ಕೇಳಿದರೆ ಆಟದ ಕಂಪನಿ ಆ ಖಾತೆಯನ್ನು ಮುಚ್ಚಿಬಿಡುವ ಸಂಭವವಿದೆ, ನೋಡಿ ಹೇಳಿ, ಎಂದಳು. ಹಾಗಾದರೆ ಆ ಅರ್ಜಿ ಸದ್ಯಕ್ಕೆ ಬೇಡ, ಹಾಗೆಯೇ ಇರಲಿ ಎಂದಳು ನಂಬರಕ್ಕ. ಕಂಪನಿಗೆ ಬರೆದಾಗ ಅಲ್ಲಿಂದ ಮೊದಲ ಪ್ರಶ್ನೆ ಬಂತು: ಖಾತೆಯ ಒಡೆಯರು ನೀವೇ ತಾನೇ? ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮ. ಒಡೆಯರು ತೀರಿಕೊಂಡಿದ್ದರೆ ಖಾತೆಯನ್ನು, ಅದರೊಳಗಿನ ಎಲ್ಲವನ್ನೂ ಶಾಶ್ವತವಾಗಿ ಅಳಿಸಲಾಗುವುದು. ಹೌದು ಎಂದು ಸುಳ್ಳು ಹೇಳಿದರೆ ಗುರುತಿನ ಚೀಟಿ ಹಿಡಿದ ತಮ್ಮನ ಮುಖದ ಫೋಟೋ ಕಳಿಸಬೇಕಿತ್ತು. ಅವಳು ಪ್ರಶ್ನೆಗೆ ಉತ್ತರಿಸದೆ ಹೊರಬಂದಳು.

ಮರುದಿನ ಮುಸುಕಿನ ಗೊಂಬೆ ದಾರಿಯ ಕೊನೆಯಲ್ಲಿ, ಕಡಲ ಅಂಚಿಗೆ, ಅವಳಿಗಾಗಿ ಕಾದಿತ್ತು.

"ಕಾರ್ಡ್ ಯಾಕೆ ನಿಲ್ಲಿಸಿದೆ?" ಎಂದು ಬರೆಯಿತು. "ಬೇರೆ ಹಾಕು. ಇಲ್ಲಾಂದ್ರೆ ದಿನಕ್ಕೊಂದು ಕಲ್ಲು."

ಅವಳ ಕಣ್ಣೆದುರೇ ಅದು ಬಗ್ಗಿ ಕೊನೆಯ ಕಲ್ಲನ್ನು ಎತ್ತಿಕೊಂಡಿತು. "ಕಡಲು ಇನ್ನು ನಾಲ್ಕೇ ಹೆಜ್ಜೆ" ಇದ್ದಲ್ಲಿ ಬರಿಯ ಮರಳು.

"ಫೋಟೋ ತೆಕ್ಕೊಂಡ್ ಇಟ್ಕೋ, ಎಲ್ಲ ಕಲ್ಲಿಂದೂ" ಎಂದ ಇಸ್ತ್ರಿಯಣ್ಣ. "ಸುಮ್ನೆ ಗೋಳಾಡಬೇಡ."

"ಫೋಟೋದಲ್ಲಿ ನಡಿಯೋಕಾಗುತ್ತೇನಣ್ಣ?"

ಅವನು ಅಂಗಿಯ ತೋಳಿನ ಮೇಲೆ ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಒತ್ತಿ, ಆವಿಯ ಹಿಂದೆ ಮುಖ ಮರೆಸಿಕೊಂಡ.

ಎರಡನೆಯ ಕಲ್ಲು ಹೋದ ದಿನ ಅವಳು ಇನ್ನೊಂದು ಬ್ಯಾಂಕಿನ ಕಾರ್ಡಿನ ನಂಬರು ಬರೆದು ಕಳಿಸಿದಳು. ಕಣ್ಣಿನ ಪೊರೆ ತೆಗೆಸಲೆಂದು ಕೂಡಿಟ್ಟ ಹಣ ಅದು. ಇಸ್ತ್ರಿಯಣ್ಣನಿಗೆ ಹೇಳಲಿಲ್ಲ. ಗೊಂಬೆ ತೆಗೆದ ಎರಡೂ ಕಲ್ಲುಗಳನ್ನು ಇದ್ದ ಜಾಗಕ್ಕೇ, ಇದ್ದ ಕ್ರಮದಲ್ಲೇ ಇಟ್ಟಿತು. ಆ ಅಚ್ಚುಕಟ್ಟು ಕಂಡು ಅವಳಿಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಅಂದರೆ ಗೊಂಬೆಯ ಹಿಂದಿದ್ದ ಕಳ್ಳ ಕಲ್ಲುಗಳನ್ನು ಓದಿದ್ದ.

ಆಮೇಲೆ ನಾಣ್ಯ ಕೊಳ್ಳುವುದು ಹದಕ್ಕೆ ಬಂತು. ದಿನಕ್ಕೆ ಒಂದೋ ಎರಡೋ ಸಲ, ಒಮ್ಮೆಗೇ ಬರಿದಾಗದಂತೆ, ಹಸುವಿಗೆ ನೋವಾಗದಂತೆ ಹಾಲು ಕರೆದ ಹಾಗೆ. ಬ್ಯಾಂಕಿನ ಸಂದೇಶ ಬಂದಾಗ ಈಗ ಎದೆ ಹಾರುತ್ತಿರಲಿಲ್ಲ. ಬದಲಿಗೆ ಒಂದು ಗಂಟೆ ಯಾವಾಗ ಆಗುವುದೋ ಎಂದು ಅವಳು ಗಡಿಯಾರ ನೋಡತೊಡಗಿದಳು. ಎರಡು ಕೋಟುಗಳ ನಂಬರು ಅದಲುಬದಲಾಗಿ ಮಾಲೀಕನಿಂದ ಬೈಸಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಮುಂದಿನ ವಾರ ಗೊಂಬೆ ಮುಸುಕು ತೆಗೆದಿತ್ತು. ತಮ್ಮನ ಹಳೆಯ ನೀಲಿ ಅಂಗಿ ತೊಟ್ಟು ಹೊಸ್ತಿಲಲ್ಲಿ ಕೂತಿತ್ತು. ಅವಳು ಬರುತ್ತಲೇ ಬರೆಯಿತು.

"ಅಕ್ಕೋ, ಊಟ ಆಯ್ತಾ?"

ಅವರಿಬ್ಬರ ಎರಡು ವರ್ಷದ ಮಾತುಕತೆಯೆಲ್ಲ ಆ ಖಾತೆಯಲ್ಲೇ ಇತ್ತು. ಕಳ್ಳ ಕೂತು ಓದಿಕೊಂಡಿದ್ದಾನೆ, ಅಷ್ಟೇ. ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬೆರಳುಗಳು "ಆಯ್ತು" ಎಂದು ಒತ್ತಿದ್ದವು.

"ಚಪ್ಪಲಿ ಕಚ್ತಾ ಇಲ್ವಾ ಈಗ?"

"ಇಲ್ಲ."

ಮೂರು ದಿನ ಹೀಗೆ ನಡೆಯಿತು. ಮೂರನೆಯ ದಿನ ಕಣ್ಣು ಮಂಜಾಗುತ್ತಿದೆ ಎಂದು ಅವಳಾಗಿಯೇ ಹೇಳಿದಳು. "ಡಾಕ್ಟರಿಗೆ ತೋರಿಸು ಅಕ್ಕೋ, ಅಸಡ್ಡೆ ಮಾಡಬೇಡ" ಎಂದು ಉತ್ತರ ಬಂತು. ಆ ಸಂದೇಶದ ಬೆನ್ನಿಗೇ ಕಣ್ಣಿನ ಹಣದಲ್ಲಿ ಇನ್ನಷ್ಟು ಹೋಯಿತು.

"ಯಾರ ಜೊತೆ ನಗ್ತಿದ್ದೆ?" ಎಂದು ಹಿಂದಿನ ಕೋಣೆಯ ಬಾಗಿಲಿಗೆ ಬಂದ ಇಸ್ತ್ರಿಯಣ್ಣ ಕೇಳಿದ.

"ನಾನೆಲ್ಲಿ ನಕ್ಕೆ?"

"ನಕ್ಕೆ ತಾಯಿ. ನಾನೇನು ಕುರುಡನಾ? ತಮ್ಮ ಹೋದ ಮೇಲೆ ಇವತ್ತೇ ನೋಡಿದ್ದು ಆ ನಗು."

ಅವಳು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟಳು. ಅವನು ಹೊರಟುಹೋದ. ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಊಟದ ಹೊತ್ತಿನಲ್ಲಿ ಇನ್ನೂ ಹತ್ತು ನಿಮಿಷ ಉಳಿದಿದ್ದರಿಂದ ಅವಳು ಮತ್ತೆ ದ್ವೀಪಕ್ಕೆ ಹೋದಳು. ಮನೆಯಿಂದ ಕಡಲಿನ ಕಡೆಗೆ ಒಂದೊಂದೇ ಕಲ್ಲು ತುಳಿಯುತ್ತ ನಡೆದಳು. "ಕಡಲು ಇನ್ನು ನಾಲ್ಕೇ ಹೆಜ್ಜೆ" ಎಂಬಲ್ಲಿ ದಾರಿ ನಿಲ್ಲಲಿಲ್ಲ.

ಅದರ ಮುಂದೆ ಇನ್ನೊಂದು ಕಲ್ಲಿತ್ತು. ಅದೇ ಬಣ್ಣ, ಅದೇ ಅಳತೆ. ಅವಳು ಅದರ ಮೇಲೆ ಕಾಲಿಟ್ಟಳು.

"ಅಕ್ಕ ಇವತ್ತು ಕಣ್ಣಿನ ವಿಷಯ ಹೇಳಿದಳು."

ಸದ್ದಿಲ್ಲದೆ ನೀಲಿ ಅಂಗಿಯ ಗೊಂಬೆ ಹಿಂದಿನ ಕಲ್ಲಿಗೆ ಬಂದು ನಿಂತಿತ್ತು. "ಚೆನ್ನಾಗಿದ್ಯಾ? ಇನ್ಮೇಲೆ ದಿನಾ ಒಂದೊಂದು ಹಾಕ್ತೀನಿ."

ಇಷ್ಟು ದಿನ ಕಲ್ಲು ಹೋಗುತ್ತದೆಂದು ಹೆದರಿದವಳು ಈಗ ಕಲ್ಲು ಬಂದದ್ದಕ್ಕೆ ಹೆದರಿದಳು. ನಾಳೆ ಮತ್ತೊಂದು, ನಾಡಿದ್ದು ಇನ್ನೊಂದು. ಒಂದು ವರ್ಷ ಕಳೆದರೆ ಯಾವುದು ಯಾರ ಮಾತೆಂದು ತನ್ನ ಮಬ್ಬುಗಣ್ಣಿಗೆ ತಿಳಿದೀತೇ? ತಿಳಿಯಬೇಕೆಂದು ತನಗೇ ಅನ್ನಿಸದೆ ಹೋದರೆ?

ಕಂಪನಿಯ ಹಳೆಯ ಪ್ರಶ್ನೆ ಅಲ್ಲೇ ಕಾದಿತ್ತು. ಖಾತೆಯ ಒಡೆಯರು ನೀವೇ ತಾನೇ?

"ಅಲ್ಲ" ಎಂದು ಬರೆದಳು. "ಒಡೆಯ ನನ್ನ ತಮ್ಮ. ತೀರಿಕೊಂಡಿದ್ದಾನೆ." ಎಂಟು ತಿಂಗಳಲ್ಲಿ ಈ ಮಾತನ್ನು ಅವಳು ಯಾರಿಗೂ ತಾನಾಗಿ ಹೇಳಿರಲಿಲ್ಲ. ಕೇಳಿದವರ ಮುಂದೆ ತಲೆ ಆಡಿಸಿದ್ದಳು, ಅಷ್ಟೇ. ತಾರೀಖು ಬರೆದಳು. ಫೋನಿನಲ್ಲೇ ಇದ್ದ ಮರಣ ಪ್ರಮಾಣಪತ್ರ ಸೇರಿಸಿದಳು. ಎರಡನೆಯ ಕಾರ್ಡನ್ನೂ ನಿಲ್ಲಿಸಿ, ಹಣ ವಾಪಸ್ ಕೇಳುವ ಅರ್ಜಿಗೆ ಒಪ್ಪಿಗೆ ಕೊಟ್ಟಳು.

ಉತ್ತರ ಬಂದದ್ದು ಮರುದಿನ ಒಂದು ಗಂಟೆಗೆ ಸ್ವಲ್ಪ ಮೊದಲು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಖಾತೆಯನ್ನು ಇಂದು ಅಳಿಸಲಾಗುವುದು.

ಅವಳು ದಾರಿಯ ಮೊದಲ ಕಲ್ಲಿನ ಮೇಲೆ ಹೋಗಿ ನಿಂತಳು. ಹಸಿರು ಚುಕ್ಕೆ ಉರಿಯುತ್ತಿತ್ತು. ಕಳ್ಳನಿಗೂ ಆಗಲೇ ತಿಳಿದಂತಿತ್ತು.

"ಯಾಕಕ್ಕ ಹಂಗ್ ಮಾಡ್ದೆ?" ಎಂದು ಬರೆಯಿತು ಗೊಂಬೆ. "ಮಾತಾಡೋಕೆ ನಾನಿದ್ನಲ್ಲ."

ಕಡಲ ಕಡೆಯಿಂದ ಕಲ್ಲುಗಳು ಮಾಯವಾಗುತ್ತ ಬಂದವು, ಹಿಂದೆಯೇ ಮನೆ. ಕೊನೆಗೆ ಅವಳ ಗೊಂಬೆಯೊಂದೇ ಬರಿಯ ನೀರಿನ ಮೇಲೆ ನಿಂತಿತ್ತು.

"ಗಿರಾಕಿ ಬಂದಿದ್ದಾರೆ ನೋಡವ್ವಾ" ಎಂದು ಇಸ್ತ್ರಿಯಣ್ಣ ಹೊರಗಿನಿಂದ ಕೂಗಿದ.

ಅವಳು ಫೋನನ್ನು ಪೂರ್ತಿ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಕೌಂಟರಿನ ಹತ್ತಿರ ಬರುವಷ್ಟರಲ್ಲಿ ಆರಿದ ಫೋನು ಸೊಂಟದಲ್ಲಿ ಒಮ್ಮೆ ನಡುಗಿದಂತಾಯಿತು. ಅವಳು ಅದನ್ನು ಮುಟ್ಟದೆ, ಬಂದವರ ಅಂಗಿಯನ್ನು ಕೈಗೆತ್ತಿಕೊಂಡು, ಕಾಲರನ್ನು ಮಗುಚಿದಳು.