ಅಳಿಯನ ಕಾರಿನ ವಿಷಯದಲ್ಲಿ ತಾಯಿ ಚೌಡಮ್ಮ ನನ್ನ ಮಾತು ಉಳಿಸಿದ್ದು

ಅಳಿಯನ ಹೊಸ ಕಾರಿನ ಮೂತಿ ಒಳಕ್ಕೆ ಹೋಗಿತ್ತು. ಬಾನೆಟ್ ಮುಚ್ಚುತ್ತಿರಲಿಲ್ಲ, ಮುಂದಿನ ಗಾಜು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಕಾರು ಇಡಲು ಕೊಟ್ಟಿದ್ದ ಯಾರ್ಡಿನ ಮ್ಯಾನೇಜರ್ ಪಕ್ಕದಲ್ಲಿ ನಿಂತು ಕಡ್ಡಿಯಲ್ಲಿ ಹಲ್ಲು ಕೆದಕುತ್ತಾ, "ಇದು ಹಿಂಗೇ ಬಂದಿದ್ದು ಕಣಮ್ಮ" ಎಂದ. ತಾಯಿ ಚೌಡೇಶ್ವರಿಯನ್ನು ನಂಬಿದ ಬಂಧುಗಳೇ, ಕಳೆದ ಸಂಕ್ರಾಂತಿಗೆ ಒಂದು ವಾರ ಇರುವಾಗ ನನ್ನ ಸಂಕಟ ಶುರುವಾದದ್ದು ಹೀಗೆ.

ನಾನು ಹಿಂದೂಪುರದ ನೇಕಾರರ ಮನೆಯವಳು. ಒಬ್ಬಳೇ ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೇನೆ. ಅಳಿಯ ಮಿಲಿಟರಿಯಲ್ಲಿದ್ದಾನೆ. ಶ್ರಾವಣದಲ್ಲಿ ರಜೆ ಮುಗಿಸಿ ಹೊರಟವನು ಹಿಂದೂಪುರದಲ್ಲಿ ರೈಲು ಹತ್ತುವಾಗ ಕೀ ನನ್ನ ಕೈಗೆ ಕೊಟ್ಟು, "ಅತ್ತೆ, ಎಲ್ಲಾದ್ರೂ ನೆರಳಿರೋ ಕಡೆ ನಿಲ್ಲಿಸ್ರಿ" ಎಂದ. ಕಾರು ತಮ್ಮ ಮನೆ ಬಿಟ್ಟು ನನ್ನ ಬಳಿ ಉಳಿದದ್ದು ಅವನ ತಾಯಿಗೆ ಆಗಲೇ ಸರಿಬಂದಿರಲಿಲ್ಲ. ನಮ್ಮ ಬೀದಿಯಲ್ಲೋ, ಹುಣಸೆಹಣ್ಣಿನ ಗಾಡಿ ಬಂದರೆ ಮನುಷ್ಯರೇ ಗೋಡೆಗೆ ಅಂಟಿಕೊಳ್ಳಬೇಕು. ಅದಕ್ಕೇ ಕೊಡಿಕೊಂಡದ ರಸ್ತೆಯಲ್ಲಿ, ತಿಂಗಳ ಬಾಡಿಗೆಗೆ ವಾಹನ ಇಟ್ಟುಕೊಳ್ಳುವ ಕಂಪನಿಯೊಂದರ ಯಾರ್ಡಿಗೆ ಪಕ್ಕದ ಮನೆಯವರ ಕೈಲಿ ಓಡಿಸಿಕೊಂಡು ಹೋಗಿ ಬಿಟ್ಟೆ. ಕಾರಿಗೆ ಕುಂಕುಮ ಇಟ್ಟೆ, ಕೈಮುಗಿದೆ, ಬಂದೆ. ಒಂದು ಫೋಟೋ ತೆಗೆದುಕೊಳ್ಳಬೇಕೆಂದು ಹೊಳೆಯಲಿಲ್ಲ. ಆ ದಡ್ಡತನ ನನ್ನದೇ.

ಯಾರ್ಡಿನ ಮಾಲೀಕನನ್ನು ಕೇಳಲು ಮೂರು ಸಲ ಹೋದೆ. ಮೂರು ಸಲವೂ ಗೇಟಿನ ಬಿಸಿಲಲ್ಲೇ ನಿಲ್ಲಿಸಿದ. ಹಣೆಯ ತುಂಬಾ ವಿಭೂತಿ, ಕೊರಳ ತುಂಬಾ ರುದ್ರಾಕ್ಷಿ, ಬಾಯಿ ತೆರೆದರೆ ಸುಳ್ಳು. ಇಂಥವರು ಪೂಜೆ ಮಾಡುವಾಗ ದೇವರು ಮೂಗು ಮುಚ್ಚಿಕೊಂಡಿರುತ್ತಾನೆ ಎಂದೇ ನನ್ನ ಎಣಿಕೆ. ಕಾರು ಬಿಟ್ಟಾಗ ನನಗೆ ಕೊಟ್ಟಿದ್ದ ಚೀಟಿಯ ಹಿಂದೆ ಇರುವೆ ಸಾಲಿನಂಥ ಅಕ್ಷರ ತೋರಿಸಿ, "ನೋಡಮ್ಮಾ, ಏನಾದ್ರೂ ಆದ್ರೆ ಕಂಪನಿ ಹೊಣೆ ಅಲ್ಲ ಅಂತ ಬರ್ದೈತೆ. ಓದೋಕೆ ಬರಾಕಿಲ್ವಾ?" ಎಂದ.

ಇತ್ತ ಕಲ್ಯಾಣದುರ್ಗದಲ್ಲಿ ಬೀಗಿತ್ತಿ ಊರೆಲ್ಲ ಸಾರಿಯಾಗಿತ್ತು: "ನೆಂಟ್ರಿಗೆಲ್ಲಾ ಕಾರು ಓಡ್ಸೋಕೆ ಕೊಟ್ಬುಟ್ಟು, ಗುದ್ಸಿ, ಈಗ ಕಂಪನಿ ಮ್ಯಾಲೆ ಹಾಕ್ತವ್ಳೆ." ಮಗಳು ಫೋನಿನಲ್ಲಿ ಅತ್ತಳು. "ಅಮ್ಮಾ, ಅತ್ತೆ ದಿನಾ 'ನಿಮ್ಮಮ್ಮ ಸುಳ್ಳಿ' ಅಂತಾರೆ. ನಾನೇನಂತ ಹೇಳ್ಲಿ?" ಕಾರು ಹಾಳಾಗಿ ಹೋಗಲಿ, ನನ್ನಿಂದ ಮಗಳು ಆ ಮನೆಯಲ್ಲಿ ತಲೆ ತಗ್ಗಿಸುವಂತಾಯಿತಲ್ಲ ಎಂದು ನನಗೆ ಅನ್ನ ಸೇರದಾಯಿತು.

ನಮ್ಮ ಬೀದಿಯ ವಕೀಲಮ್ಮನ ಹತ್ತಿರ ಹೋದೆ. ಆಕೆ ಚೀಟಿ ಓದಿ ಮೇಜಿನ ಮೇಲೆ ಎಸೆದರು. "ಇಟ್ಕತೀನಿ ಅಂತ ಈಸ್ಕಂಡೋನು ತನ್ನ ಸೊತ್ತಿನಂಗೆ ಜ್ವಾಪಾನ ಮಾಡ್ಬೇಕಮ್ಮಾ. ಕಾಗ್ದದಾಗೆ ಏನೇ ಬರ್ಕಂಡ್ರೂ ಜವಾಬ್ದಾರಿಯಿಂದ ತಪ್ಪಿಸ್ಕೊಳ್ಳೋಕಾಗಲ್ಲ. ಆದ್ರೆ ನೀವು ಬಿಟ್ಟಾಗ ಚೆಂದಾಗಿತ್ತು ಅನ್ನೋಕೆ ಏನೈತೆ?" ನನ್ನ ಹತ್ತಿರ ಏನೂ ಇರಲಿಲ್ಲ.

ಮಂಗಳವಾರ ತಾಯಿಯ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಕೂತೆ. ಒಳ್ಳೆಯದೇನೂ ಬೇಡಲಿಲ್ಲ. "ಆ ಸುಳ್ಳನ ಬಾಯಿ ಬಿದ್ದೋಗ್ಲಿ ತಾಯಿ" ಎಂದೇ ಬೇಡಿದೆ.

ಗುರುವಾರ ವಕೀಲಮ್ಮ ನನ್ನ ಜೊತೆ ಬಂದರು. ಕರಿಕೋಟು ಕಂಡದ್ದೇ ಗೇಟು ತೆರೆಯಿತು, ಆಫೀಸಿನೊಳಗೆ ಕುರ್ಚಿ ಬಂತು, ಫ್ಯಾನು ತಿರುಗಿತು. ಅವರು ಮಾತಾಡುತ್ತಿರುವಾಗ ನನ್ನ ಕಣ್ಣು ಗೋಡೆಗೆ ಹೋಯಿತು. ಬಾಗಿಲಷ್ಟು ದೊಡ್ಡ ಫೋಟೋ. ಮಾಲೀಕ ರೇಷ್ಮೆ ಪಂಚೆ ಉಟ್ಟು, ಬೂದುಗುಂಬಳಕಾಯಿ ಎತ್ತಿ ಹಿಡಿದು, ಕ್ಯಾಮೆರಾಕ್ಕೆ ಹಲ್ಲು ಕಿರಿದಿದ್ದಾನೆ. ಮುಂದೆ ಚೆಂಡುಹೂವಿನ ಹಾರ ಹಾಕಿದ ಬಿಳಿ ಕಾರು. ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೂತಿ ನೆಟ್ಟಗಿತ್ತು, ನಂಬರು ಸ್ಪಷ್ಟವಾಗಿತ್ತು. ನನ್ನ ಅಳಿಯನ ಕಾರೇ.

ಮೆಲ್ಲಗೆ ಕೇಳಿದೆ: "ಫೋಟೋ ಬಲೇ ಚೆಂದಾಗೈತೆ ಕಣಪ್ಪ. ಯಾವಾಗಿಂದು?"

ಹೊಗಳಿಕೆ ಕೇಳಿ ಅವನ ಎದೆ ಉಬ್ಬಿತು. "ಮೊನ್ನೆ ಆಯುಧಪೂಜೆದು ಕಣಮ್ಮ. ಯಾರ್ಡ್‌ನಾಗಿರೋ ಎಲ್ಲಾ ಗಾಡಿಗೂ ಪೂಜೆ ಮಾಡ್ತೀವಿ. ಎಲ್ಲಾದ್ರಾಗೂ ಚೆಂದಾಗಿರೋ ಗಾಡಿ ಮುಂದ್ಕೆ ನಿಲ್ಲಿಸಿ ಫೋಟೋ ಹೊಡ್ಸಿದ್ದು."

ಎಲ್ಲದರಲ್ಲೂ ಚೆಂದಾಗಿರುವ ಗಾಡಿ! ಶ್ರಾವಣದಲ್ಲಿ ನಾನು ಬಿಟ್ಟದ್ದು, ನವರಾತ್ರಿಯಲ್ಲಿ ಅವನೇ ಆರತಿ ಎತ್ತಿದ್ದು. ವಕೀಲಮ್ಮ ಎದ್ದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮ್ಯಾನೇಜರ್ ಸೂರು ನೋಡತೊಡಗಿದ. ಮಾಲೀಕನಿಗೆ ತಾನೇನು ಹೇಳಿದೆನೆಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬುದ್ಧಿ ಅಷ್ಟು ನಿಧಾನ. ಬಾಯಿ ಬಿದ್ದುಹೋಗಲಿ ಎಂದು ಬೇಡಿದ ನಾನೆಷ್ಟು ಮಂಕು! ಬಿದ್ದಿದ್ದರೆ ಈ ಮಾತು ಯಾರು ಆಡುತ್ತಿದ್ದರು?

ಕೋರ್ಟಿಗೆ ಹೋಗುವ ಹೊತ್ತೇ ಬರಲಿಲ್ಲ. ಲಾರಿ ಹಿಂದಕ್ಕೆ ತೆಗೆಯುವಾಗ ಗುದ್ದಿತ್ತಂತೆ. ನೋಟಿಸು ಹೋದ ಮೇಲೆ ತಾವೇ ರಿಪೇರಿ ಮಾಡಿಸಿಕೊಟ್ಟರು. ಪೆಟ್ಟಾದದ್ದು ತಮ್ಮ ಯಾರ್ಡಿನಲ್ಲೇ ಎಂದು ಸಹಿ ಹಾಕಿ ಪತ್ರವನ್ನೂ ಕೊಟ್ಟರು.

ಆ ಪತ್ರ, ಆ ಫೋಟೋ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಬೀಗಿತ್ತಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ತಪ್ಪಾಯ್ತು ಬೀಗ್ರೇ" ಎಂದರು.

"ನಂಗ್ಯಾಕೆ ಹೇಳ್ತೀರಿ? ದಿನಾ ಕೇಳಿಸ್ಕಂಡೋಳು ಒಳಗವ್ಳೆ" ಎಂದೆ.

ಅವರು ಎದ್ದು ಅಡುಗೆಮನೆ ಬಾಗಿಲಿಗೆ ಹೋದರು. ಹೇಳಿದ್ದು ಏನೆಂದು ನನಗೆ ಕೇಳಿಸಲಿಲ್ಲ. ಮಗಳು ಜೋರಾಗಿ ಅತ್ತದ್ದು ಮಾತ್ರ ಕೇಳಿಸಿತು. ಬಂಧುಗಳೇ, ಯಾರ್ಡಿನವನನ್ನು ನಾನಿನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ. ಆದರೆ ಅವತ್ತು ಅಲ್ಲೇ ನಡುಮನೆಯಲ್ಲಿ ತಾಯಿಯನ್ನು ನೆನೆದು ನೆಲಕ್ಕೆ ಹಣೆ ಹಚ್ಚಿದೆ. ನನ್ನ ಮಗಳ ತಾಯಿ ಸುಳ್ಳಿಯಲ್ಲ ಎಂದು ಆ ಮನೆಗೆ ಗೊತ್ತಾಯಿತು.